ಅಳೆದೂ ಸುರಿದೂ ಹುಡುಕಿದ ಜಾಗ

ಸೋಮವಾರ ಬೆಳಿಗ್ಗೆ ಲೋಟದ ಚಹಾ ಇನ್ನೂ ಅರ್ಧ ಮುಗಿದಿರಲಿಲ್ಲ, ಮೊಬೈಲಿಗೆ ಬಂದ ಒಂದು ಪತ್ರ ನಕ್ಷೆಗಾರನ ಇಡೀ ತಿಂಗಳಿನ ನೆಮ್ಮದಿಯನ್ನು ನುಂಗಿ ನೀರು ಕುಡಿಯಿತು. ಪತ್ರ ಬರೆದವರು ದೂರದ ಊರಿನ ಕಾಲೇಜು ಮೇಷ್ಟ್ರು. ತಾವು ಈ ತಿಂಗಳು ನಿವೃತ್ತರಾಗುತ್ತಿರುವುದಾಗಿಯೂ, ಕಾಲೇಜಿನ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಆರು ವರ್ಷದಿಂದ ಗೊರಗುಡುತ್ತಿದ್ದ ಹಳೇ ಕಂಪ್ಯೂಟರನ್ನು ಮೂವತ್ತನೇ ತಾರೀಖಿನ ಸಂಜೆ ಆರಿಸಿಬಿಡುತ್ತಾರೆಂದೂ, ಅದರ ಹೊಟ್ಟೆಯಲ್ಲಿರುವ ‘ಕತ್ತರಿ’ಯ ವೆಬ್‌ಸೈಟಿಗೆ ಅಷ್ಟರಲ್ಲಿ ಬೇರೆ ಜಾಗ ನೋಡಿಕೊಳ್ಳಬೇಕೆಂದೂ ಅವರು ಬಹಳ ವಿನಯದಿಂದ ಬರೆದಿದ್ದರು. ಉಳಿದದ್ದು ಇಪ್ಪತ್ತೆರಡು ದಿನ.

ಕತ್ತರಿ ಅಂದರೆ ಬಟ್ಟೆ ಹೊಲಿಯುವವರಿಗಾಗಿ ಐದು ಜನ ಸೇರಿ ಬರೆದ ಒಂದು ಸಾಫ್ಟ್‌ವೇರ್. ಮೈಯ ಅಳತೆ ಹೇಳಿದರೆ ಅಂಗಿಯ ಭಾಗಗಳನ್ನು ಕಾಗದದ ಮೇಲೆ ಬರೆದು ಕೊಡುತ್ತದೆ. ಯಾರು ಬೇಕಾದರೂ ಬಿಟ್ಟಿ ಬಳಸಬಹುದು, ಒಳಗೇನಿದೆ ಅಂತ ಬಿಚ್ಚಿ ನೋಡಬಹುದು, ತಿದ್ದಬಹುದು. (ತಿದ್ದಲು ಬಂದವರು ಕಡಿಮೆ. ಸಲಹೆ ಕೊಡಲು ಬಂದವರು ಲೆಕ್ಕವಿಲ್ಲ.) ಮೇಷ್ಟ್ರು, ನಕ್ಷೆಗಾರ ಸೇರಿ ಈ ಐವರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಪತ್ರದಲ್ಲೇ ಪರಿಚಯ, ಪತ್ರದಲ್ಲೇ ಜಗಳ, ಪತ್ರದಲ್ಲೇ ರಾಜಿ. ಅವರ ವೆಬ್‌ಸೈಟೂ ಅಂಥ ದೊಡ್ಡದೇನಲ್ಲ. ಅಳತೆ ತೆಗೆಯುವುದು, ಕತ್ತರಿಸುವುದು, ಹೊಲಿಯುವುದು ಹೇಗೆ ಅಂತ ಹೇಳುವ ಹನ್ನೆರಡು ಪುಟ, ಜೊತೆಗೊಂದಿಷ್ಟು ಚಿತ್ರ. ಗೋಡೆಗೆ ಹಚ್ಚಿದ ಭಿತ್ತಿಪತ್ರದ ಹಾಗೆ ಬಂದವರಿಗೆಲ್ಲ ಅದೇ ಪುಟ, ಅದೇ ಅಕ್ಷರ. ಅದು ಯಾರನ್ನೂ ಹೆಸರು ಕೇಳುವುದಿಲ್ಲ, ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಇಂಥ ಸ್ಥಿರ ಪುಟಗಳಿಗೆ ಇಂಟರ್‌ನೆಟ್ಟಿನಲ್ಲಿ ಜಾಗ ಕೊಡುವವರು ಬೇಕಾದಷ್ಟು ಜನರಿದ್ದಾರೆ. ಬಿಟ್ಟಿ ಕೊಡುವವರಿದ್ದಾರೆ, ತಿಂಗಳಿಗೆ ಒಂದು ಲೋಟ ಚಹಾದ ದುಡ್ಡಿಗೆ ಕೊಡುವವರಿದ್ದಾರೆ, ತಿಂಗಳಿಗೆ ಒಂದು ಸೋಫಾದ ದುಡ್ಡಿಗೆ ಕೊಡುವವರೂ ಇದ್ದಾರೆ.

ಮೇಷ್ಟ್ರ ಪತ್ರಕ್ಕೆ ಉಳಿದ ಮೂವರು ಹತ್ತು ನಿಮಿಷದಲ್ಲಿ ಉತ್ತರ ಬರೆದರು. ಮೂವರದೂ ಒಂದೇ ಮಾತು. ಹೊಸ ಜಾಗ ಆರಿಸುವ ಕೆಲಸ ನಕ್ಷೆಗಾರರಿಗೇ ಇರಲಿ, ಅವರು ಎಲ್ಲಿ ಅಂದರೆ ಅಲ್ಲಿ.

ನಕ್ಷೆಗಾರನಿಗೆ ಮಾಡಬಹುದಾದ ಅನ್ಯಾಯಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಭೂಮಾಪನ ಕಚೇರಿಯಲ್ಲಿ ನಿವೇಶನಗಳ ನಕ್ಷೆ ಬರೆಯುವಾಗ ಅವನ ಕೈ ಒಂದು ಕೂದಲೆಳೆಯಷ್ಟೂ ನಡುಗದು. ಆದರೆ ಆರಿಸು ಅಂದರೆ ಸಾಕು, ಎದೆ ಡವಡವ ಅನ್ನತೊಡಗುತ್ತದೆ. ಹೆಂಡತಿಯ ತಮ್ಮ ತಂಗಿಯರು ಅವನನ್ನು ಕರೆಯುವುದೇ ‘ಅಥವಾ ಭಾವ’ ಅಂತ. ಹೆಂಡತಿ ಸಿಕ್ಕಿದ್ದೂ ಈ ಗುಣದಿಂದಲೇ. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತ, ಇದು ಸ್ಪಷ್ಟವೋ ಇದು ಸ್ಪಷ್ಟವೋ ಅಂತ ಕೇಳುವುದು ಅವಳ ಕಸುಬು. ಜನ ಐದು ನಿಮಿಷದಲ್ಲಿ ಎದ್ದು ಹೋಗುತ್ತಿದ್ದರು. ಇವನು ಐವತ್ತು ನಿಮಿಷ ಕೂತ. ಎರಡೂ ಸ್ಪಷ್ಟ, ಆದರೆ ಬೇರೆ ಬೇರೆ ಥರ ಸ್ಪಷ್ಟ ಅಂದ. ಹಿಂದೆ ಸಾಲು ನಿಂತವರು ಗೊಣಗತೊಡಗಿದಾಗ ಅವಳೇ ಒಂದು ಗಾಜು ಆರಿಸಿ, ನಿಮಗೆ ಇದೇ ಸರಿ ಅಂತ ಕಳಿಸಿದಳು. ಅಷ್ಟು ಹಗುರವಾದ ತಲೆ ಹೊತ್ತು ಅವನು ಅದಕ್ಕೆ ಮೊದಲು ಯಾವತ್ತೂ ಬೀದಿಗಿಳಿದಿರಲಿಲ್ಲವಂತೆ. ಮುಂದಿನ ವಾರ ಕಣ್ಣಿಗೆ ಏನೂ ಆಗಿರದಿದ್ದರೂ ಮತ್ತೆ ಹೋದ.

ಆ ಸೋಮವಾರ ಸಂಜೆಯೇ ಅವನು ಕೋಷ್ಟಕ ಶುರುಮಾಡಿದ. ಬುಧವಾರದ ಹೊತ್ತಿಗೆ ಅದರಲ್ಲಿ ಇಪ್ಪತ್ತೇಳು ಕಂಪನಿಗಳು ಅಡ್ಡಲಾಗಿಯೂ ಹತ್ತೊಂಬತ್ತು ಗುಣಗಳು ಉದ್ದವಾಗಿಯೂ ನಿಂತಿದ್ದವು. ಬೆಲೆ, ವೇಗ, ತಿಂಗಳಿಗೆ ಎಷ್ಟು ಸಲ ಪುಟ ತೆರೆಯಬಹುದು, ಕೆಟ್ಟರೆ ಯಾರನ್ನು ಕೇಳಬೇಕು, ಅವರು ಎಷ್ಟು ಹೊತ್ತಿಗೆ ಉತ್ತರ ಕೊಡುತ್ತಾರೆ, ಕೊಟ್ಟ ಉತ್ತರದಲ್ಲಿ ಮರ್ಯಾದೆ ಎಷ್ಟಿರುತ್ತದೆ, ಎಲ್ಲಕ್ಕೂ ಹತ್ತರಲ್ಲಿ ಇಷ್ಟು ಅಂತ ಅಂಕ. ಅಂಕಗಳನ್ನು ಕೂಡಿದರೆ ಐದು ಕಂಪನಿಗಳು ಸಮಸಮ ಬಂದವು. ಇಪ್ಪತ್ತನೇ ಗುಣ ಸೇರಿಸಿದ. ಈಗ ಏಳು ಸಮ ಬಂದವು.

ಶಾಂತವಾಗಿ ಕೂರುವುದು ಅವನಿಂದಾಗಲಿಲ್ಲ. ಬಾಲ ಸುಟ್ಟ ಬೆಕ್ಕಿನ ಹಾಗೆ ಅಡಿಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಬಾಲ್ಕನಿಗೆ ಓಡಾಡಿದ. ಬಾಲ್ಕನಿಯಲ್ಲಿ ಒಣಹಾಕಿದ್ದ ಹೊದಿಕೆಗೆ ತಲೆ ತಾಗಿ ಹಿಂದಕ್ಕೆ ಬಂದ. ಹಲ್ಲುಜ್ಜುತ್ತ ಏನೋ ಹೊಳೆದು, ಬಾಯಿ ತುಂಬ ನೊರೆ ಇಟ್ಟುಕೊಂಡೇ ಕೋಷ್ಟಕ ತಿದ್ದಿದ. ಕಚೇರಿಯಲ್ಲಿ ಯಾರದೋ ನಿವೇಶನದ ಮೂಲೆಯಲ್ಲಿ ರಸ್ತೆಯ ಹೆಸರಿನ ಬದಲು ‘ಬಿಟ್ಟಿ, ಆದರೆ ಷರತ್ತು ಅನ್ವಯ’ ಅಂತ ಬರೆದು ಮೇಲಧಿಕಾರಿಯಿಂದ ಉಗಿಸಿಕೊಂಡ.

ದಿನಕ್ಕೆ ಎಷ್ಟು ಜನ ನೋಡುತ್ತಾರೆ ಈ ಪುಟಗಳನ್ನು ಅಂತ ಒಂದು ಸಂಜೆ ಹೆಂಡತಿ ಕೇಳಿದಳು. ಮೂವತ್ತೊಂದು ಜನ ಅಂದ. ಅದರಲ್ಲಿ ನೀವೆಷ್ಟು ಸಲ ಅಂದಳು. ಪುಟ ಇದೆಯೋ ಇಲ್ಲವೋ ಅಂತ ಒಂಬತ್ತು ಸಲ ತೆಗೆದು ನೋಡುವುದುಂಟು ಅಂತ ಒಪ್ಪಿಕೊಂಡ.

“ಅಂದ್ರೆ ಇಪ್ಪತ್ತೆರಡು ಜನ. ಅಷ್ಟು ಜನ ನಮ್ಮ ಅಂಗಡಿಗೆ ಮಧ್ಯಾಹ್ನ ಊಟದೊಳಗೆ ಬರ್ತಾರೆ. ಯಾವುದೋ ಒಂದು ಬಿಟ್ಟಿ ಜಾಗದಲ್ಲಿ ಹಾಕಿ ಕೈ ತೊಳ್ಕೊಳ್ಳಿ ಅಂದ್ರೆ.”

“ಒಂದೇ ದಿನ ಒಂದು ಕೋಟಿ ಜನ ಬಂದ್ರೆ ಏನು ಮಾಡ್ತೀಯಾ?”

“ಒಂದು ಕೋಟಿ ಜನ ಒಂದೇ ದಿನ ಶರ್ಟು ಯಾಕ್ರೀ ಹೊಲೀತಾರೆ?”

ಆದರೂ ‘ಕೋಟಿ ಜನ ಬಂದರೆ’ ಅನ್ನುವುದು ಇಪ್ಪತ್ತೊಂದನೇ ಗುಣವಾಗಿ ಕೋಷ್ಟಕದಲ್ಲಿ ಕೂತಿತು. ಪುಟಗಳೇನೋ ಸ್ಥಿರ, ಪುಟಗಳ ಯಜಮಾನರೇ ಅಸ್ಥಿರ ಅಂತ ಅವಳು ಅಮ್ಮನಿಗೆ ಹೇಳಿದ್ದು ಅವನ ಕಿವಿಗೂ ಬಿತ್ತು.

ಹಾಗಂತ ಅವನು ಯಾವುದನ್ನೂ ಆರಿಸಲೇ ಇಲ್ಲ ಅಂದರೆ ತಪ್ಪಾದೀತು. ಮೂರು ಸಲ ಆರಿಸಿದ. ಮೊದಲನೆಯದು ಬಿಟ್ಟಿ ಜಾಗ. ಗೆಳೆಯರೆಲ್ಲ ಭೇಷ್ ಅಂದರು. ಇವನು ಷರತ್ತುಗಳನ್ನು ಓದಲು ಕೂತ. (ಜಗತ್ತಿನಲ್ಲಿ ಷರತ್ತುಗಳನ್ನು ಕೊನೆಯವರೆಗೆ ಓದಿದ ಏಕೈಕ ಮನುಷ್ಯನೆಂದು ಅವನ ವಿಗ್ರಹ ನಿಲ್ಲಿಸಬಹುದು.) ಹದಿನಾಲ್ಕನೇ ಷರತ್ತಿನಲ್ಲಿ, ಈ ಸೌಲಭ್ಯವನ್ನು ಯಾವಾಗ ಬೇಕಾದರೂ ನಿಲ್ಲಿಸುವ ಹಕ್ಕು ನಮಗಿದೆ ಅಂತಿತ್ತು. ಯಾವಾಗ ಬೇಕಾದರೂ ಅಂದರೆ ಯಾವಾಗ? ನಾಳೆಯೇ ಆದರೆ? ಬಿಟ್ಟ. ಎರಡನೆಯದು ಅಗ್ಗದ ಜಾಗ. ದುಡ್ಡು ಕಟ್ಟುವ ಗುಂಡಿಯ ಮೇಲೆ ಬೆರಳಿಟ್ಟಾಗ ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರ ಕಣ್ಣಿಗೆ ಬಿತ್ತು. ಈ ಬೆಲೆ ಮೊದಲ ವರ್ಷಕ್ಕೆ ಮಾತ್ರ, ಆಮೇಲೆ ಮೂರು ಪಟ್ಟು. ಬಿಸಿ ಬಾಣಲೆ ಮುಟ್ಟಿದವನ ಹಾಗೆ ಬೆರಳು ಹಿಂದಕ್ಕೆಳೆದುಕೊಂಡ.

ಮೂರನೆಯದು ಅವನ ಸ್ವಂತ ಬುದ್ಧಿ. ಯಾರ ಹಂಗೂ ಬೇಡ, ಮನೆಯಲ್ಲೇ ಇಟ್ಟುಕೊಂಡರಾಯಿತು ಅಂತ ಅಟ್ಟದ ಮೇಲಿದ್ದ ಹಳೇ ಲ್ಯಾಪ್‌ಟಾಪು ಇಳಿಸಿ, ಧೂಳು ಕೊಡವಿ, ಹನ್ನೆರಡು ಪುಟ ತುಂಬಿ ಅತ್ತೆಯ ಕೋಣೆಯ ಕಪಾಟಿನ ಮೇಲೆ ಪ್ರತಿಷ್ಠಾಪನೆ ಮಾಡಿದ. ಇಂಟರ್‌ನೆಟ್ಟಿನ ಡಬ್ಬ ಇದ್ದದ್ದು ಆ ಕೋಣೆಯಲ್ಲೇ. ಹೆಂಡತಿಯ ತಾಯಿ ಮೂವತ್ತು ವರ್ಷ ಟೆಲಿಫೋನ್ ಆಪರೇಟರಾಗಿದ್ದವರು. ಎಲ್ಲರ ಮಾತನ್ನೂ ಕೇಳಿ, ಯಾರಿಗೂ ಏನೂ ಹೇಳದೆ, ಸರಿಯಾದ ತಂತಿ ಸರಿಯಾದ ತೂತಿಗೆ ಚುಚ್ಚಿಕೊಂಡು ಬಂದವರು. ಅಳಿಯನಿಗೆ ಇಲ್ಲ ಅನ್ನಲಿಲ್ಲ. ಲ್ಯಾಪ್‌ಟಾಪಿನ ಫ್ಯಾನು ಕಿವಿಯಲ್ಲಿ ಸೊಳ್ಳೆ ಹೊಕ್ಕಂತೆ ಗುಂಯ್‌ಗುಟ್ಟಿತು. ಮೂರು ದಿನ ಕಳೆದ ಮೇಲೆ ಪುಟಗಳು ಹಗಲು ಹೊತ್ತು ಕಾಣುವುದೇ ಇಲ್ಲ ಅಂತ ಗೆಳೆಯರು ಬರೆದರು. ಇವನು ತಂತಿ ಬದಲಿಸಿದ, ಡಬ್ಬ ತಟ್ಟಿದ, ಕಂಪನಿಗೆ ಫೋನು ಮಾಡಿ ಜಗಳಾಡಿದ. ಕೊನೆಗೆ ಅತ್ತೆಯನ್ನೇ ಕೇಳಿದ.

“ನೀವು ಮನೇಲಿದ್ದಾಗ ಹಾಕಿರ್ತೀನಲ್ಲಪ್ಪಾ,” ಅಂದರು ಅವರು. “ನೀವು ಆಫೀಸಿಗೆ ಹೋದ ಮೇಲೆ ಅದನ್ನ ಯಾರು ನೋಡ್ತಾರೆ ಅಂತ ಆರಿಸಿಬಿಡ್ತೀನಿ.”

ಲ್ಯಾಪ್‌ಟಾಪು ಅಟ್ಟಕ್ಕೆ ಹೋಯಿತು. ಕೋಷ್ಟಕ ಮತ್ತೆ ಮೇಜಿಗೆ ಬಂತು.

ಹದಿನೆಂಟನೇ ದಿನ ಇನ್ನೊಂದು ಪತ್ರ ಬಂತು. ಬಸ್ಸಿನಲ್ಲಿ ಮೂರು ತಾಸು ದೂರದ ಒಂದು ಚಿಕ್ಕ ಊರಿನ ಹೊಲಿಗೆ ತರಬೇತಿ ಕೇಂದ್ರದ ಶಿಕ್ಷಕಿ ಬರೆದದ್ದು. ತಾವು ಮೂರು ವರ್ಷದಿಂದ ಕತ್ತರಿಯ ಪುಟಗಳನ್ನೇ ಇಟ್ಟುಕೊಂಡು ಪಾಠ ಮಾಡುತ್ತಿರುವುದಾಗಿಯೂ, ಮೂವತ್ತರಂದು ಬೆಳಿಗ್ಗೆ ನಲವತ್ತು ಮಂದಿ ಹೆಣ್ಣುಮಕ್ಕಳಿಗೆ ಕೊನೆಯ ಪರೀಕ್ಷೆ ಇರುವುದಾಗಿಯೂ ತಿಳಿಸಿ, ವೆಬ್‌ಸೈಟು ಮುಚ್ಚುತ್ತದೆ ಅಂತ ಎಲ್ಲೋ ಓದಿದೆ, ಹಾಗೇನೂ ಇಲ್ಲ ತಾನೆ ಅಂತ ಕೇಳಿದ್ದರು. ನಕ್ಷೆಗಾರನ ಕಣ್ಣು ತುಂಬಿ ಬಂತು. ದಿನಕ್ಕೆ ಇಪ್ಪತ್ತೆರಡು ಅಂತ ಬರೀ ಅಂಕಿಯಾಗಿದ್ದವರು ಒಮ್ಮೆಲೇ ಸೂಜಿ ದಾರ ಹಿಡಿದು ಎದುರಿಗೆ ಸಾಲಾಗಿ ಕೂತ ಹಾಗಾಯಿತು. ಆ ಪರೀಕ್ಷೆಯಲ್ಲಿ ಪಾಸಾದವರಿಗೆ ಉಡುಪಿನ ಕಾರ್ಖಾನೆಯಲ್ಲಿ ಕೆಲಸವಂತೆ. ಜೀವ ಹೋದರೂ ಪುಟಗಳು ಇರುತ್ತವೆ ಅಂತ ತಕ್ಷಣ ಉತ್ತರ ಬರೆದ. ಜೀವಮಾನದಲ್ಲಿ ಅವನು ಹಿಂದೆ ಮುಂದೆ ನೋಡದೆ ತೆಗೆದುಕೊಂಡ ತೀರ್ಮಾನ ಅದೊಂದೇ ಇರಬೇಕು.

ಬರೆದಾದ ಮೇಲೆ ಮತ್ತೆ ಕೋಷ್ಟಕ ತೆರೆದ. ಅವನ ಲೆಕ್ಕ ಹೀಗಿತ್ತು: ಮೇಷ್ಟ್ರ ಕಂಪ್ಯೂಟರು ಆರುವುದು ಮೂವತ್ತರ ಸಂಜೆ. ಪರೀಕ್ಷೆ ಮೂವತ್ತರ ಬೆಳಿಗ್ಗೆ. ಅಂದಮೇಲೆ ಇನ್ನೂ ನಾಲ್ಕು ದಿನ ಮೀನಮೇಷ ಎಣಿಸಬಹುದು.

ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಕಾಲೇಜಿನ ಎಲೆಕ್ಟ್ರೀಷಿಯನ್‌ಗೆ ಮೂವತ್ತನೇ ತಾರೀಖು ಬೇರೆಲ್ಲೋ ಕೆಲಸವಿತ್ತು. ಅವನು ಇಪ್ಪತ್ತೊಂಬತ್ತರ ಮಧ್ಯಾಹ್ನವೇ ಬಂದು ತಂತಿ ಕಿತ್ತು, ಗೂಡು ಖಾಲಿ ಮಾಡಿ, ಕಂಪ್ಯೂಟರನ್ನು ಗುಜರಿಯವನ ಗಾಡಿಗೆ ಹತ್ತಿಸಿ ಹೋದ. ಬೀಳ್ಕೊಡುಗೆ ಸಭೆಯಲ್ಲಿ ಭಾಷಣ ಕೇಳುತ್ತ ಕೂತಿದ್ದ ಮೇಷ್ಟ್ರಿಗೆ ಗೊತ್ತಾಗಿದ್ದು ಆಮೇಲೆ. ನಕ್ಷೆಗಾರನಿಗೆ ಗೊತ್ತಾಗಿದ್ದು ನಾಲ್ಕು ಗಂಟೆಗೆ, ಆ ದಿನದ ಏಳನೇ ಸಲ ಪುಟ ತೆರೆಯಹೋದಾಗ. ಬಿಳಿ ಪರದೆ. ಈ ವಿಳಾಸದಲ್ಲಿ ಯಾರೂ ಇಲ್ಲ ಅನ್ನುವ ಅರ್ಥದ ಒಂದು ಸಾಲು.

ಶಿಕ್ಷಕಿಗೆ ಬರೆದ. ಉತ್ತರವಿಲ್ಲ. ಮತ್ತೆ ಬರೆದ. ಇಲ್ಲ. ಫೋನ್ ನಂಬರು ಅವನ ಬಳಿ ಇರಲಿಲ್ಲ. ಆ ಗಳಿಗೆಯಲ್ಲೇ ಯಾವುದಾದರೂ ಜಾಗ ಹಿಡಿದರೂ ಹಳೇ ವಿಳಾಸ ಎಲ್ಲ ಕಡೆಗೂ ಹೊಸ ಜಾಗ ತೋರಿಸಲು ಒಂದು ದಿನವಾದರೂ ಹಿಡಿಯಬಹುದು ಅಂತ ಕೋಷ್ಟಕದ ಹನ್ನೊಂದನೇ ಗುಣದಲ್ಲಿ ಅವನೇ ಬರೆದಿಟ್ಟಿದ್ದ. ಉಳಿದದ್ದು ಒಂದೇ ದಾರಿ. ಹನ್ನೆರಡೂ ಪುಟಗಳನ್ನು ಒಂದು ಪೆನ್‌ಡ್ರೈವಿಗೆ ತುಂಬಿದ. ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹೊರಟು ನಿಂತಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತು, ವೆಬ್‌ಸೈಟಿನ ಪುಟಗಳನ್ನೂ ಪಾಸ್‌ವರ್ಡನ್ನೂ ತನಗೆ ಕೊಟ್ಟು ಹೋಗಬೇಕು ಅಂದಳು. ಕೋಷ್ಟಕ ಪೂರ್ತಿ ಓದದೆ ಏನೂ ಮಾಡಬೇಡ, ಮುಖ್ಯವಾಗಿ ಹದಿನಾಲ್ಕನೇ ಷರತ್ತು ನೋಡು, ನಾನು ಬರುವವರೆಗೆ ಯಾವುದನ್ನೂ ಮುಟ್ಟಬೇಡ ಅಂತ ಅವನು ಶುರುಮಾಡಿದ. ಅವಳು ಮೂಗಿನ ಮೇಲಿನ ಚೌಕಟ್ಟು ತೆಗೆಯುವವಳ ಹಾಗೆ ಎರಡೂ ಕೈಯಿಂದ ಅವನ ಮುಖವನ್ನು ಬಾಗಿಲ ಕಡೆ ತಿರುಗಿಸಿ, “ಬಸ್ಸು ಹೋಗುತ್ತೆ,” ಅಂದಳು.

ಮೂರು ತಾಸು ಅವನು ಸೀಟಿನ ತುದಿಯಲ್ಲೇ ಕೂತಿದ್ದ. ಪಕ್ಕದಲ್ಲಿ ಕೂತ ಅಜ್ಜಿ, ಆಸ್ಪತ್ರೆಗೆ ಹೊರಟಿರಾ, ಹೆರಿಗೆಯಾ ಅಂತ ಕನಿಕರದಿಂದ ವಿಚಾರಿಸಿದಳು. ಹೌದೆಂದೂ ಅಲ್ಲವೆಂದೂ ಹೇಳಲಾಗದೆ ತಲೆಯಾಡಿಸಿದ. ನಿಲ್ದಾಣದಲ್ಲಿಳಿದು, ದಾರಿ ಕೇಳಿ, ಓಡಿದಂತೆ ನಡೆದು ತರಬೇತಿ ಕೇಂದ್ರದ ಮೆಟ್ಟಿಲು ಹತ್ತುವಾಗ ಅವನ ಕಿವಿಯಲ್ಲಿ ನಲವತ್ತು ಹೆಣ್ಣುಮಕ್ಕಳು ಒಟ್ಟಿಗೇ ಅಳುತ್ತಿದ್ದರು.

ಒಳಗೆ ಯಾರೂ ಅಳುತ್ತಿರಲಿಲ್ಲ. ಉದ್ದನೆಯ ಕೋಣೆಯಲ್ಲಿ ಸಾಲಾಗಿ ಮೇಜುಗಳು, ಕಂದು ಕಾಗದದ ಸರಪರ, ಕತ್ತರಿಗಳ ಕಚಕಚ. ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡ ಗಿಡ್ಡನೆಯ ಹೆಂಗಸೊಬ್ಬರು ಅವನನ್ನು ಬಾಗಿಲಲ್ಲೇ ತಡೆದು ಯಾರು ಬೇಕಿತ್ತು ಅಂತ ಪಿಸುಮಾತಿನಲ್ಲಿ ಕೇಳಿದರು. ಅವನು ಏದುಸಿರು ಬಿಡುತ್ತ, ಪೆನ್‌ಡ್ರೈವು ಮುಂದೆ ಚಾಚಿ, ನಡೆದದ್ದನ್ನೆಲ್ಲ ಹೇಳಿ, ಕ್ಷಮೆ ಕೇಳಿದ.

ಶಿಕ್ಷಕಿ ಪಾಪ ಅಂದರು. ಇಲ್ಲಿ ಇಂಟರ್‌ನೆಟ್ಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ನೆನ್ನೆಯಿಂದಲೂ ಇಲ್ಲ, ಅದಕ್ಕೇ ನಿಮ್ಮ ಪತ್ರ ನೋಡಿಲ್ಲ ಅಂದರು. ಮೂರು ವರ್ಷದ ಹಿಂದೆಯೇ ಎಲ್ಲ ಪುಟಗಳನ್ನೂ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ್ದಾಗಿದೆ ಅಂತ ಬೆರಳು ತೋರಿಸಿದರು.

ನಿಜ. ಹನ್ನೆರಡೂ ಪುಟ ಗೋಡೆಯ ಮೇಲಿದ್ದವು. ಪ್ಲಾಸ್ಟಿಕ್ಕಿನ ಹೊದಿಕೆಯೊಳಗೆ, ನೇರವಾಗಿ, ಯಾವ ಷರತ್ತೂ ಇಲ್ಲದೆ. ನಕ್ಷೆಗಾರನ ಎದೆ ಉಬ್ಬಿತು. ಹತ್ತಿರ ಹೋಗಿ ನೋಡಿದ. ಪುಟಗಳ ತುಂಬ ಕೆಂಪು ಪೆನ್ಸಿಲ್ಲಿನ ಗೆರೆಗಳು. ಕಾಲರಿನಲ್ಲಿ ಅರ್ಧ ಇಂಚು ಕಡಿಮೆ. ಜೇಬು ತಲೆಕೆಳಗು. ಬೆನ್ನಿನ ಚಿತ್ರ ಎದೆಗೆ, ಎದೆಯದು ಬೆನ್ನಿಗೆ. ಎಲ್ಲಕ್ಕಿಂತ ಚೆಂದವಾಗಿದ್ದ ತೋಳಿನ ಪುಟದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ‘ಇದನ್ನು ನಂಬಬೇಡಿ’ ಅಂತ ಬರೆದಿತ್ತು.

ತೋಳಿನ ಪುಟ ಅವನು ಬರೆದದ್ದು. ಅದಕ್ಕೆ ಯಾವ ಅಕ್ಷರ ಹೊಂದುತ್ತದೆ ಅಂತ ಆರಿಸಲು ಮೂರು ವಾರ ತೆಗೆದುಕೊಂಡಿದ್ದ. ಅಂಕಿಗಳನ್ನು ಒಂದು ಮಧ್ಯಾಹ್ನ ಗೀಚಿ ಮುಗಿಸಿದ್ದ.

“ನಿಮ್ಮ ಸೈಟು ಉಳಿಯುತ್ತೆ ಅಂತಾದ್ರೆ ತಿದ್ದುಪಡಿ ಪಟ್ಟಿ ಕಳಿಸೋಣ ಅಂತ ಕೇಳಿದ್ದೆ, ಅಷ್ಟೇ,” ಅಂದರು ಶಿಕ್ಷಕಿ. “ಈ ಪುಟ ಬರೆದವರು ನಿಮಗೆ ಗೊತ್ತಾ ಸಾರ್? ಸಿಕ್ರೆ ಒಂದು ಮಾತು ಕೇಳ್ಬೇಕಿತ್ತು. ಅವರು ಯಾವತ್ತಾದ್ರೂ ಕೈ ಮೇಲೆ ಎತ್ತಿದ್ದಾರಾ ಅಂತ.”

ನಾವು ಐದು ಜನ ಸೇರಿ ಮಾಡಿದ್ದು ಅಂತ ನಕ್ಷೆಗಾರ ಗೊಣಗಿದ. ಶಿಕ್ಷಕಿ ಕಪಾಟಿನಿಂದ ಒಂದು ನೀಲಿ ಶರ್ಟು ತೆಗೆದರು. ಆ ಪುಟದಲ್ಲಿದ್ದ ಹಾಗೇ ಚಾಚೂ ತಪ್ಪದೆ ಹೊಲಿಸಿ, ಹೊಸಬರಿಗೆ ಎಚ್ಚರಿಕೆಯಾಗಿರಲಿ ಅಂತ ಇಟ್ಟದ್ದು. ಹಾಕಿ ನೋಡಿ ಅಂದರು. ಹಾಕಿಕೊಂಡ. ಕನ್ನಡಿಯಲ್ಲಿ ರಾಜನ ಹಾಗಿದ್ದ. ಕೈ ಎತ್ತಿ ಅಂದರು. ಎತ್ತಲು ಹೋದ. ಮೊಣಕೈವರೆಗೆ ಬಂದದ್ದು ಅಲ್ಲಿಂದ ಮುಂದೆ ಬರಲಿಲ್ಲ. ತೋಳಿನ ನೆತ್ತಿ ಎತ್ತರವಾದಷ್ಟೂ ಕೈ ಮೇಲೇಳುವುದಿಲ್ಲ, ಅದು ನಾಲ್ಕು ಇಂಚು ಇರಬೇಕಾದ ಕಡೆ ಆರು ಇಂಚು ಬರೆದಿದ್ದ ಮಹಾನುಭಾವ. ಕಂಕುಳಿಗೆ ಹಗ್ಗ ಬಿಗಿದಂತಾಗಿ, ಹೊಟ್ಟೆಯ ಮುಂದೆ ಎರಡೂ ಅಂಗೈ ಒಡ್ಡಿಕೊಂಡು, ಏನನ್ನೋ ಬೇಡುವವನ ಭಂಗಿಯಲ್ಲಿ ನಿಂತ. ಮೊದಲ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಅಷ್ಟರಲ್ಲಿ ಪ್ಯಾಂಟಿನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೇಗೋ ತೆಗೆದ. ಕಿವಿಯವರೆಗೆ ಒಯ್ಯಲಾಗಲಿಲ್ಲ. ಶಿಕ್ಷಕಿಯೇ ಅವನ ಕೈಯಿಂದ ಫೋನು ತೆಗೆದುಕೊಂಡು, ಎಲ್ಲಿ ಒತ್ತಬೇಕೋ ತಿಳಿಯದೆ ಎಲ್ಲವನ್ನೂ ಒತ್ತಿ ಅವನ ಮುಂದೆ ಹಿಡಿದರು. ಹೆಂಡತಿಯ ದನಿ ಕೋಣೆಯ ತುಂಬ ಮೊಳಗಿತು.

“ರೀ, ಆಯ್ತು. ಹತ್ತು ನಿಮಿಷದ ಕೆಲಸ. ಅದಕ್ಕೆ ಇಪ್ಪತ್ತೆರಡು ದಿನ ಮನೆಯೆಲ್ಲ ಸವೆಸಿದ್ರಲ್ಲ. ಬಿಟ್ಟಿ ಜಾಗ, ಮೇಷ್ಟ್ರು ನೋಡಿ ಚೆನ್ನಾಗಿದೆ ಅಂದ್ರು. ಹೊಸ ವಿಳಾಸಾನ ಹಳೇ ವಿದ್ಯಾರ್ಥಿಗಳಿಗೆಲ್ಲ ಕಳಿಸಿದಾರಂತೆ, ಆಗ್ಲೇ ಆರುನೂರು ಜನ ನೋಡಿದಾರೆ. ಆಮೇಲೆ, ಆ ತೋಳಿನ ಪುಟದ ಚಿತ್ರ ಬಹಳ ಚೆನ್ನಾಗಿದೆ ಅಂತ ಅದನ್ನೇ ಎಲ್ಲಕ್ಕಿಂತ ಮುಂದೆ ಹಾಕಿದೀನಿ. ನೀವು ಬರೆದದ್ದಲ್ವಾ ಅದು?”

ನಲವತ್ತು ಕತ್ತರಿಗಳು ಒಮ್ಮೆಲೇ ನಿಂತವು.

ಎಲ್ಲಿ ಹಾಕಿದೆ, ಎಷ್ಟು ವೇಗ, ಷರತ್ತೇನು ಅಂತ ಒಂದು ಮಾತನ್ನೂ ಅವನು ಕೇಳಲಿಲ್ಲ. ಇಳಿಸು ಮಾರಾಯ್ತಿ, ಅದೊಂದನ್ನು ಮೊದಲು ಇಳಿಸು ಅಂತ ಅಂಗೈ ಒಡ್ಡಿಕೊಂಡೇ ಬೇಡಿದ. ಯಾಕೆ ಅಂತ ಅವಳು ಕೇಳಿದ್ದಕ್ಕೆ ಶಿಕ್ಷಕಿ ಫೋನು ತಮ್ಮ ಬಾಯಿಯ ಹತ್ತಿರ ತಂದು, ಎರಡು ಇಂಚಿನ ತಪ್ಪಿದೆಯಮ್ಮಾ, ಆ ಶರ್ಟು ಹಾಕ್ಕೊಂಡಿರೋದ್ರಿಂದ ಅವರಿಗೆ ಮಾತಾಡೋದು ಸ್ವಲ್ಪ ಕಷ್ಟ ಅಂತ ವಿವರಿಸಿದರು. ಆಮೇಲೆ ಇಬ್ಬರು ಹೆಣ್ಣುಮಕ್ಕಳು ಎದ್ದು ಬಂದು, ಒಬ್ಬಳು ಈ ಕಡೆಯಿಂದ ಒಬ್ಬಳು ಆ ಕಡೆಯಿಂದ ಎಳೆದು ಅವನನ್ನು ಶರ್ಟಿನಿಂದ ಹೊರಗೆ ತೆಗೆದರು.

ಹೊರಡಲು ಶಿಕ್ಷಕಿ ಬಿಡಲಿಲ್ಲ. ತೋಳು ಅಂದರೇನು ಅಂತ ಗೊತ್ತಾಗದೆ ಪುಟ ತಿದ್ದಿದರೆ ಮತ್ತೆ ಇದೇ ಹಣೆಬರಹ ಅಂತ ಹೇಳಿ, ಕೊನೆಯ ಸಾಲಿನಲ್ಲೊಂದು ಖಾಲಿ ಮೇಜು ತೋರಿಸಿ, ಕಂದು ಕಾಗದ, ಬಟ್ಟೆ, ಕತ್ತರಿ ಕೊಟ್ಟು ಕೂರಿಸಿದರು. ಮೂರು ಗಂಟೆಯವರೆಗೆ ಅವನು ತಲೆಯೆತ್ತದೆ ಅಳೆದ, ಗೆರೆ ಎಳೆದ, ಕತ್ತರಿಸಿದ, ಹೊಲಿದ. ಪಕ್ಕದ ಮೇಜಿನವಳು ಎರಡು ಸಲ ಅವನ ಸೂಜಿಗೆ ದಾರ ಪೋಣಿಸಿಕೊಟ್ಟಳು. ಇಪ್ಪತ್ತೆರಡು ದಿನದಲ್ಲಿ ಮೊದಲ ಸಲ ಅವನ ಕಾಲು ಒಂದೇ ಕಡೆ ನಿಂತಿತ್ತು. ಎಲ್ಲರ ಕೆಲಸ ನೋಡುತ್ತ ಬಂದ ಶಿಕ್ಷಕಿ ಕೊನೆಗೆ ಅವನ ಮೇಜಿನ ಮುಂದೆ ನಿಂತರು. ತೋಳನ್ನು ಬೆಳಕಿಗೆ ಹಿಡಿದು ನೋಡಿದರು, ತಿರುಗಿಸಿ ನೋಡಿದರು, ಚೀಟಿಯ ಮೇಲೆ ಐವತ್ತಕ್ಕೆ ಹನ್ನೊಂದು ಅಂತ ಬರೆದರು.

ಸಂಜೆ ಮನೆಗೆ ಬಂದಾಗ ತೋಳಿನ ಪುಟ ಇಳಿದಿತ್ತು, ಉಳಿದ ಹನ್ನೊಂದು ಪುಟ ನಿಶ್ಚಿಂತೆಯಿಂದ ಇಂಟರ್‌ನೆಟ್ಟಿನಲ್ಲಿದ್ದವು. ಕೈಯಲ್ಲಿದ್ದ ತಿದ್ದುಪಡಿಗಳ ಉದ್ದನೆಯ ಪಟ್ಟಿಯನ್ನು ಅವನು ಮೇಜಿನ ಮೇಲಿಟ್ಟ. ಹೆಂಡತಿ ಅವನ ಬೆರಳಿಗೆ ಚುಚ್ಚಿದ್ದ ಸೂಜಿಯ ಗುರುತುಗಳನ್ನು ನೋಡಿದಳು. ಊಟಕ್ಕೆ ಬಡಿಸಿದಳು. ಅತ್ತೆ ಕೇಳಿದರು.

“ಹುಡುಗೀರ ಪರೀಕ್ಷೆ ಹೇಗಾಯ್ತಪ್ಪಾ?”

“ನಲವತ್ತು ಜನಾನೂ ಪಾಸು ಅತ್ತೆ,” ಅಂದ ನಕ್ಷೆಗಾರ. ಅನ್ನಕ್ಕೆ ಸಾರು ಕಲಸಿದ. “ಒಬ್ಬರು ಮಾತ್ರ ಫೇಲು.”

“ಅಯ್ಯೋ ಪಾಪ,” ಅಂದರು ಅತ್ತೆ, ನಿಜವಾದ ಮರುಕದಿಂದ. “ಮನೇಲಿ ಸರಿಯಾಗಿ ಓದೋಕೆ ಬಿಟ್ಟಿರಲಿಲ್ವೇನೋ.”